ಹೆಮ್ಮಾಳ ಗಿಡ್ಡ ಕೋವಿ

ನಮ್ಮ ಫೆರ್ಲಾಖ್‌ನಲ್ಲಿ ಮಕ್ಕಳು ಪ್ರಾರ್ಥನೆ ಕಲಿಯುವ ಮೊದಲೇ ಒಂದು ಮಾತು ಕಲಿಯುತ್ತವೆ: ತೆರೆದ ಕೋವಿ ಖಾಲಿ ಕೋವಿ. ತಲೆತಲಾಂತರದಿಂದ ಈ ಊರಲ್ಲಿ ಮಾಡುವುದು ನಡುವಿನ ಕೀಲಿನಲ್ಲಿ ಮುರಿದು ತೆರೆಯುವ ಕೋವಿಗಳನ್ನೇ. ನಡು ಮುರಿದರೆ ನಳಿಗೆಯ ತೂತು ಕಣ್ಣೆದುರಿಗೆ ಬರುತ್ತದೆ. ಆಚೆ ಬದಿಯ ಬೆಳಕು ಕಂಡರೆ ಆಯಿತು, ಅದರಿಂದ ಯಾರೂ ಸಾಯುವುದಿಲ್ಲ. ಬೇಲಿ ದಾಟುವಾಗ, ಹೆಂಡದಂಗಡಿಯ ಹೊಸ್ತಿಲು ತುಳಿಯುವಾಗ, ಬೇಟೆ ಮುಗಿದಾಗ ಎಲ್ಲರೂ ಮಾಡುವುದು ಒಂದೇ: ಕೋವಿ ತೆರೆದು ತೋಟಾವನ್ನು ಅಂಗೈಗೆ ಇಳಿಸಿಕೊಳ್ಳುವುದು, ಮುಚ್ಚುವುದು, ಒಳಗಿನ ಸ್ಪ್ರಿಂಗು ಸುಮ್ಮನೆ ಬಿಗಿದುಕೊಂಡಿರಬಾರದೆಂದು ನಳಿಗೆಯನ್ನು ನೆಲಕ್ಕೆ ತೋರಿಸಿ ಒಮ್ಮೆ ಟ್ರಿಗರ್ ಎಳೆಯುವುದು. ಟಕ್ ಎನ್ನುತ್ತದೆ. ಆಮೇಲೆ ಹೆಂಡ ಕುಡಿಯಬಹುದು. ನಮ್ಮ ಪಾದ್ರಿ ಊಟಕ್ಕೆ ಮುಂಚೆ ಶಿಲುಬೆ ಗುರುತು ಹಾಕಿಕೊಳ್ಳಲು ಮರೆತದ್ದನ್ನು ನಾನು ನೋಡಿದ್ದೇನೆ, ಈ ಟಕ್ ಮರೆತದ್ದನ್ನು ನೋಡಿಲ್ಲ.

ನಾನು ಅಪೊಲೋನಿಯಾ. ಊರಿಗೆಲ್ಲ ಲೋನಿ. ನನ್ನ ಗಂಡ ಕೋವಿಗಳಿಗೆ ಮರದ ಹಿಡಿ ಕೆತ್ತುತ್ತಿದ್ದ. ಯುದ್ಧಕ್ಕೆ ಹೋದವನು ಬರಲಿಲ್ಲ, ಅವನ ಉಳಿಗಳು ಉಳಿದವು. ನಾನು ಅವನ್ನು ಕೈಗೆತ್ತಿಕೊಂಡು ತಮ್ಮ ಪ್ರಿಮುಸ್‌ನ ಕಾರ್ಖಾನೆಯ ಮೂಲೆಯಲ್ಲಿ ಬೆಂಚು ಹಾಕಿಕೊಂಡೆ. ಕಬ್ಬಿಣ ಅವನದು, ಮರ ನನ್ನದು. ಅವನು ದಿನಕ್ಕೆ ನಾಲ್ಕು ಮಾತಾಡುತ್ತಾನೆ, ಮಿಕ್ಕಿದ್ದು ನಾನು ಆಡುತ್ತೇನೆ. ಸಣ್ಣ ವಯಸ್ಸಿನಿಂದ ಅರದ ಧೂಳು ಕುಡಿದು ಅವನ ಎದೆ ಕೆಟ್ಟಿತ್ತು, ಮೆಟ್ಟಿಲು ಹತ್ತಿದರೆ ಸಾಕು, ತಿದಿ ಊದಿದ ಹಾಗೆ ಸದ್ದು.

ಕಣಿವೆಯ ಆ ಕೊನೆಯಲ್ಲಿ ಹೆಮ್ಮಾ ಪಿಸ್ಕರ್ನಿಗ್ ಇದ್ದಳು. ಪಟ್ಟಣದ ದೊಡ್ಡ ಮನುಷ್ಯರು ಬಂದು ಜಿಂಕೆಯ ಹೊಟ್ಟೆಗೋ ಕಾಲಿಗೋ ಗುಂಡು ಹೊಡೆದು, ಅದು ಪೊದೆ ಹೊಕ್ಕ ಮೇಲೆ ಕೈ ಚೆಲ್ಲಿ ನಿಲ್ಲುತ್ತಾರಲ್ಲ, ಆಗ ಅವಳಿಗೆ ಕರೆ ಹೋಗುತ್ತದೆ. ಅವಳು ಬೇಟೆ ಸಂಘದವರು ಕೊಟ್ಟ ನಾಯಿ ಅಸ್ತಾಳನ್ನು ಉದ್ದ ಹಗ್ಗದಲ್ಲಿ ಬಿಟ್ಟು ರಕ್ತದ ಜಾಡು ಹಿಡಿದು ಹೋಗಿ, ಆ ಪ್ರಾಣಿಯನ್ನು ಹುಡುಕಿ, ನರಳಾಟ ಮುಗಿಸಿ ಬರುತ್ತಾಳೆ. ಕಣಿವೆಯಲ್ಲಿ ಇದಕ್ಕಿಂತ ಮರ್ಯಾದೆಯ ಕೆಲಸ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ಎರಡು ಚಳಿಗಾಲದ ಹಿಂದೆ ಗಾಯಗೊಂಡ ಗಂಡು ಜಿಂಕೆಯೊಂದು ಅವಳ ಮೇಲೆ ತಿರುಗಿ ಬಿತ್ತು. ಅವಳಪ್ಪನ ಕಾಲದ ಒಂಟಿ ನಳಿಗೆಯ ಕೋವಿಯಲ್ಲಿ ಇದ್ದದ್ದು ಒಂದೇ ಗುಂಡು, ಅದು ಆಗಲೇ ಹೋಗಿತ್ತು. ಜಿಂಕೆಯ ಕೊಂಬು ಅವಳ ಬಲಭುಜವನ್ನು ಪುಡಿ ಮಾಡಿತು. ಅಲ್ಲಿಂದ ಆ ಕೈ ಹಗ್ಗ ಹಿಡಿಯುತ್ತದೆ, ಸೊಂಟದಿಂದ ಮೇಲೆ ಏಳುವುದಿಲ್ಲ. ಬರುವ ಬೇಟೆಗಾಲದೊಳಗೆ ಅವಳು ಕೋವಿ ಹಿಡಿಯುವಂತಾಗದಿದ್ದರೆ ಕೆಲಸವನ್ನೂ ನಾಯಿಯನ್ನೂ ಪಕ್ಕದ ಕಣಿವೆಯಲ್ಲಿ ಇದೇ ಕೆಲಸ ಮಾಡುವ ಗಂಡಸಿಗೆ ಕೊಡುತ್ತೇವೆ ಎಂದು ಬೇಟೆ ಸಂಘದವರು ಹೇಳಿಬಿಟ್ಟರು.

ಆಗ ಅವಳು ನಮ್ಮ ಅಡಿಗೆಮನೆಗೆ ಬಂದು ಕೂತಳು.

"ಪ್ರಿಮುಸ್, ನಂಗೊಂದು ಕೋವಿ ಮಾಡ್ಕೊಡು. ಎಡಗೈಲಿ ಹೊಡೆಯೋ ಹಾಗಿರ್ಬೇಕು. ಪೊದೆಯೊಳಗೆ ತೆವಳೋವಾಗ ಕೊಂಬೆಗೆ ಸಿಗಬಾರ್ದು, ಅಷ್ಟು ಗಿಡ್ಡ. ಒದೀಬಾರ್ದು. ಮತ್ತೆ ಎರಡನೇ ಗುಂಡು ಇರ್ಲೇಬೇಕು. ಎರಡನೇದಿಲ್ದೆ ನಾನು ಇನ್ನೊಂದ್ಸಲ ಆ ಪೊದೆಗೆ ಕಾಲಿಡಲ್ಲ."

"ಹಾಡೂ ಹೇಳ್ಬೇಕೇನು ಅದು?" ಅಂದೆ ನಾನು.

"ನೀನಿದ್ಯಲ್ಲ ಲೋನಿ, ಅದಕ್ಕೆ," ಅಂದಳು.

ಪ್ರಿಮುಸ್ ನಗಲಿಲ್ಲ. ಅವಳ ಎಡಗೈಯನ್ನು ಮೇಜಿನ ಮೇಲೆ ಇಡಿಸಿಕೊಂಡು ಬೆರಳುಗಳ ಉದ್ದ ಅಳೆದ. ಅಳೆಯುವುದಕ್ಕೆ ಬೇಕಾದಷ್ಟು ಹೊತ್ತಿಗಿಂತ ಜಾಸ್ತಿ ಹಿಡಿದುಕೊಂಡ. ಅವರಿಬ್ಬರ ನಡುವೆ ಏನಿದೆ ಎಂಬುದು ಇಪ್ಪತ್ತು ವರ್ಷದಿಂದ ಊರಿಗೆಲ್ಲ ಗೊತ್ತು, ಅವರಿಬ್ಬರಿಗೆ ಬಿಟ್ಟು.

ಜೋಡಿ ನಳಿಗೆ ಎಂದರೆ ಭಾರ. ತಾನೇ ತುಂಬಿಕೊಳ್ಳುವ ಯಂತ್ರ ಎಂದರೆ ಒಂದು ಎಲೆಚೂರು ಸಿಕ್ಕಿದರೂ ನಿಂತುಹೋಗುತ್ತದೆ. ಪ್ರಿಮುಸ್ ವಾರವಿಡೀ ಯೋಚಿಸಿ ಒಂದು ದಿನ ನನ್ನ ಬೆಂಚಿನ ಮೇಲೆ ಒಂದು ಪಿಸ್ತೂಲಿನ ತೋಟಾ ತಂದಿಟ್ಟ. ಯುದ್ಧ ಮುಗಿದ ಮೇಲೆ ನಮ್ಮಲ್ಲಿ ಅದಕ್ಕೇನು ಬರ, ನೆಲ ಅಗೆದರೆ ಆಲೂಗಡ್ಡೆಗಿಂತ ಮೊದಲು ಅದೇ ಸಿಗುತ್ತದೆ.

"ಅವಳು ಹೊಡೆಯೋದು ಮಾರು ದೂರದಿಂದ. ಇಷ್ಟು ಸಾಕು," ಅಂದ. "ಒದೆಯಲ್ಲ. ಹಿಂದೆ ಅಗುಳಿ ಹಾಕ್ತೀನಿ. ಬಾಗಿಲ ಅಗುಳಿ ಹಾಗೆ, ಎತ್ತು, ಎಳಿ, ತಳ್ಳು. ತೋಟಾ ಇಷ್ಟೇ ಇರೋದ್ರಿಂದ ಅಗುಳಿನೂ ಹೆಬ್ಬೆಟ್ಟಿನಷ್ಟು ಓಡಿದ್ರೆ ಆಯ್ತು. ಕೆಳಗೊಂದು ಪುಟ್ಟ ಪೆಟ್ಟಿಗೆ, ಅದರಲ್ಲಿ ಮಿಕ್ಕ ತೋಟಾ."

ಅಗುಳಿ ಕೋವಿಯೇ! ಊರಿನ ಕಸುಬಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಫ್ಯಾಕ್ಟರಿಯವರ ಕೆಲಸ, ಸಿಪಾಯಿಗಳ ಸಾಮಾನು ಎಂದರು. ಪಿಸ್ತೂಲಿನ ತೋಟಾ ಹಾಕುತ್ತಾನಂತೆ ಎಂದು ತಿಳಿದ ಮೇಲಂತೂ, "ಏನೋ ಪ್ರಿಮುಸ್, ಗುಬ್ಬಿ ಬೇಟೆಗಾ?" ಎಂದು ಚರ್ಚಿನ ಬಾಗಿಲಲ್ಲೇ ಕೇಳಿದರು. ಊರ ಬಾಯಿಗೆ ಯಾರು ಬೀಗ ಹಾಕುತ್ತಾರೆ. ಅವನು ಕೆಲಸಕ್ಕೆ ಕೂತ. ಮೊದಲು ಮಾಡಿದ ಅಗುಳಿ ಚಳಿಗೆ ಬಿಗಿಯಿತು, ಅದನ್ನು ಮೂಲೆಗೆಸೆದ. ಎರಡನೆಯದರ ಹಿಡಿಕೆ ಹೆಮ್ಮಾಳ ಕೋಟಿನ ತೋಳಿಗೆ ಸಿಕ್ಕಿಕೊಂಡಿತು, ಅದನ್ನೂ ಎಸೆದ. ಮೂರನೆಯದರ ಹಿಡಿಕೆಯನ್ನು ಎಡಬದಿಗೆ ಚಮಚದಂತೆ ಬಗ್ಗಿಸಿ ಮೈಗಂಟಿಸಿದ. ಅದು ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು. ಪೈನ್ ಸೂಜಿಗಳು ಒಳಗೆ ಬೀಳಬಾರದೆಂದು ಹೆಮ್ಮಾ ಕೇಳಿದ್ದಕ್ಕೆ ನಾನು ಮರದ ಅಂಚನ್ನು ಎರಡೂ ಬದಿಗೆ ಎತ್ತರ ಬಿಟ್ಟು ಕೆತ್ತಿದೆ. ವಾಲ್‌ನಟ್ ಮರ, ಗಂಡ ಯುದ್ಧಕ್ಕೆ ಮುಂಚೆ ಒಣಗಲಿಟ್ಟದ್ದು. ಅದನ್ನು ಇನ್ಯಾರ ಕೋವಿಗೂ ಕೊಡುತ್ತಿರಲಿಲ್ಲ.

ಸರ್ಕಾರದ ಪರೀಕ್ಷೆಯವರು ಒಂದೊಂದೇ ಬಿರುಸಿನ ತೋಟಾ ಹಾಕಿ, ಗೋಡೆಯಾಚೆಯಿಂದ ದಾರ ಎಳೆದು ಸಿಡಿಸಿ ನೋಡಿ, ಗಟ್ಟಿಯಿದೆ ಎಂದು ಮುದ್ರೆ ಒತ್ತಿದರು. ಹೆಮ್ಮಾ ಬಂದು ನಮ್ಮ ಹಿತ್ತಲಿನ ಮರದ ಬೊಡ್ಡೆಗೆ ಪೆಟ್ಟಿಗೆ ಖಾಲಿಯಾಗುವವರೆಗೂ ಹೊಡೆದಳು. ಭುಜ ಮುಟ್ಟಿ ನೋಡಿಕೊಂಡಳು. "ನೋವಿಲ್ಲ ಕಣೋ," ಅಂದಳು. ಇನ್ನೊಮ್ಮೆ ತುಂಬಿ ಖಾಲಿಯಾಗುವವರೆಗೂ ಹೊಡೆದಳು. ಪ್ರಿಮುಸ್‌ನ ಮುಖ ನೋಡಬೇಕಿತ್ತು ಆಗ. ಅವತ್ತೇ ಇನ್ನೊಂದಕ್ಕೂ ಕಬ್ಬಿಣ ಕತ್ತರಿಸಿದ, ಪಕ್ಕದ ಕಣಿವೆಯವನೂ ಕೇಳಿಯೇ ಕೇಳುತ್ತಾನೆ ಎಂಬ ಧೈರ್ಯದಲ್ಲಿ.

ಅಕ್ಟೋಬರಿನ ಒಂದು ಬೆಳಿಗ್ಗೆ ನಾನು ಆ ಎರಡನೇ ಕೋವಿಗೆ ಮರ ಕೂರಿಸುತ್ತಿದ್ದೆ. ಮದ್ದಿಲ್ಲದ ಹಿತ್ತಾಳೆಯ ಸುಳ್ಳು ತೋಟಾಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಅಗುಳಿ ಮರಕ್ಕೆ ತಾಗುತ್ತದೋ ಎಂದು ಆಡಿಸಿ ನೋಡುತ್ತಿದ್ದಾಗ ಬೀದಿಯಲ್ಲಿ ಹಾಲಿನವನು ಕೂಗಿದ. ಕೋವಿ ಕೆಳಗಿಡುವ ಮುಂಚೆ ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಅಗುಳಿ ಎಳೆದೆ, ತೋಟಾ ಅಂಗೈಗೆ ಬಂತು, ಮುಚ್ಚಿದೆ, ನೆಲಕ್ಕೆ ತೋರಿಸಿ ಟ್ರಿಗರ್ ಎಳೆದೆ. ಟಕ್. ಹಾಲು ತಂದಿಟ್ಟು ಬಂದು ಮತ್ತೆ ಅಗುಳಿ ಎಳೆದರೆ ಇನ್ನೊಂದು ತೋಟಾ ಹಾರಿ ನೆಲಕ್ಕೆ ಬಿದ್ದು ಉರುಳುತ್ತಾ ಪ್ರಿಮುಸ್‌ನ ಬೂಟಿಗೆ ತಾಗಿ ನಿಂತಿತು.

ಅವನು ಅದನ್ನು ಎತ್ತಿಕೊಂಡ. ಅದರ ಬೆನ್ನಿನ ಮೇಲೆ ಗುಂಡು ಸಿಡಿಸುವ ಸೂಜಿ ಚುಚ್ಚಿದ ಹೊಸ ಗುರುತಿತ್ತು.

"ಖಾಲಿ ಮಾಡಿದ್ದೆ ಕಣೋ," ಅಂದೆ.

"ನೀನೇನೋ ಮಾಡಿದ್ದೆ," ಅಂದ ಅವನು. "ಮುಚ್ಚುವಾಗ ಕೆಳಗಿಂದ ಇನ್ನೊಂದನ್ನ ತಳ್ಕೊಂಡು ಹೋಗಿದೆ."

ಅಷ್ಟೇ ವಿಷಯ. ಸಿಪಾಯಿಯಾದವನಿಗೆ ಇದು ಗೊತ್ತು. ದೊಡ್ಡ ಅಗುಳಿ ಕೋವಿಯಲ್ಲಾದರೆ ಬೆರಳುದ್ದದ ತೋಟಾ ಮೂತಿ ಎತ್ತಿಕೊಂಡು ಬರುವುದು ಕಣ್ಣಿಗೆ ಕಾಣುತ್ತದೆ. ಇಲ್ಲಿ ತೋಟಾ ಗಿಡ್ಡ, ಓಟ ಗಿಡ್ಡ, ಮೇಲೆ ಎತ್ತರದ ಮರದಂಚು. ನಮ್ಮ ಕೈಗಳಿಗೋ ತೆರೆದರೆ ಖಾಲಿ ಎಂದಷ್ಟೇ ಗೊತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಪರೀಕ್ಷೆಯವರು ಪೆಟ್ಟಿಗೆ ತುಂಬಿರಲಿಲ್ಲ, ಹೆಮ್ಮಾ ಹಿತ್ತಲಲ್ಲಿ ಖಾಲಿಯಾಗುವವರೆಗೂ ಹೊಡೆದಿದ್ದಳು. ನಡುವೆ ನಿಲ್ಲಿಸಿ ಖಾಲಿ ಮಾಡಿ ನೋಡಿದವರು ಯಾರೂ ಇರಲಿಲ್ಲ.

"ಹೆಮ್ಮಾ ಎಲ್ಲಿ?" ಅಂದ ಪ್ರಿಮುಸ್.

ಅವಳ ಪೆಟ್ಟಿಗೆಯಲ್ಲಿದ್ದದ್ದು ಮದ್ದು ತುಂಬಿದ ತೋಟಾ. ಆ ಬೆಳಿಗ್ಗೆಯೇ ಅವಳು ನಮ್ಮ ಕಿಟಕಿ ಬಡಿದು ಹೋಗಿದ್ದಳು. ಬೋಡನ್ ಕಣಿವೆಯಲ್ಲಿ ಯಾರೋ ವಕೀಲ ದೊಡ್ಡ ಗಂಡು ಜಿಂಕೆಗೆ ಕೆಟ್ಟ ಪೆಟ್ಟು ಹೊಡೆದಿದ್ದಾನೆ, ಗಿಡ್ಡ ಕೋವಿಯ ಮೊದಲ ಕೆಲಸ, ಹರಸು ಲೋನಿ ಎಂದಿದ್ದಳು.

ಪ್ರಿಮುಸ್‌ನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ನಾನು ಹಿಂದೆಂದೂ ಅಷ್ಟು ಜೋರಾಗಿ ಹೋಗಿದ್ದಿಲ್ಲ, ಮುಂದೆ ಹೋಗುವುದೂ ಬೇಡ. ಡಾಂಬರು ಮುಗಿದಲ್ಲಿ ವಕೀಲ ತನ್ನ ಕಾರಿನ ಪಕ್ಕ ಮಡಿಸುವ ಕುರ್ಚಿ ಹಾಕಿಕೊಂಡು ಸಾಸೇಜು ತಿನ್ನುತ್ತಿದ್ದ. ಗುಂಡು ಹೊಡೆದವನು ರಸ್ತೆಯಲ್ಲೇ ಕಾಯಬೇಕು, ಅದು ನಿಯಮ.

"ಎಷ್ಟೊತ್ತಾಯ್ತು ಅವಳು ಹೋಗಿ?" ಅಂದೆ.

"ಆಗ್ಲೇ ಹೋದ್ರು. ನೀವೇನು ಮೆರವಣಿಗೆ ಹೊರಟ ಹಾಗಿದೆ? ಗಲಾಟೆ ಮಾಡ್ಬೇಡ್ರಿ, ನನ್ನ ಜಿಂಕೆ ಎದ್ದೋಡೀತು."

"ನಿಮಗೆ ನೆಟ್ಟಗೆ ಹೊಡೆಯೋಕೆ ಬಂದಿದ್ರೆ ನಾವ್ಯಾಕೆ ಬರ್ತಿದ್ವಿ ಸ್ವಾಮಿ," ಅಂದೆ. ಕೋಪ ಯಾರ ಮೇಲಾದರೂ ತೀರಬೇಕಿತ್ತು.

ಆದರೆ ಗಲಾಟೆಯ ಬಗ್ಗೆ ಅವನು ಹೇಳಿದ್ದು ಸರಿಯಾಗಿತ್ತು. ಜಾಡು ಹಿಡಿದು ಹೋದವರ ಬೆನ್ನ ಹಿಂದೆ ಕೂಗಬಾರದು. ಗಾಯದ ಜಿಂಕೆ ಪೊದೆಯಲ್ಲಿ ಮಲಗಿರುತ್ತದೆ, ಜಾಡಿನವಳು ಗಾಳಿಗೆದುರಾಗಿ ಹತ್ತಿರ ಹೋಗಿರುತ್ತಾಳೆ. ಒಂದು ಕೂಗಿಗೆ ಅದು ಎದ್ದರೆ ಅವಳ ಮೇಲೆಯೇ ಬರುತ್ತದೆ. ಹೆಮ್ಮಾಳ ಭುಜ ಮುರಿದದ್ದೂ ಯಾವನೋ ಕೆಳಗಿಂದ "ಸಿಕ್ತಾ?" ಎಂದು ಕೂಗಿದ್ದರಿಂದಲೇ. ಕೂಗಿದರೆ ಜಿಂಕೆ ಕೊಲ್ಲುತ್ತದೆ. ಕೂಗದಿದ್ದರೆ ನನ್ನ ತಮ್ಮ ಮಾಡಿದ ಕೋವಿ ಕೊಲ್ಲುತ್ತದೆ. ನಾವು ಬಾಯಿ ಬಿಗಿದುಕೊಂಡು ಹತ್ತಿದೆವು.

ಅವಳು ದಾರಿಯುದ್ದಕ್ಕೂ ಮುರಿದ ಟೊಂಗೆಗಳನ್ನು ಗುರುತಿಗೆ ಬಿಟ್ಟು ಹೋಗಿದ್ದಳು. ಅಲ್ಲಲ್ಲಿ ಎಲೆಯ ಮೇಲೆ ಕಪ್ಪು ರಕ್ತ. ಪ್ರಿಮುಸ್ ಮುಂದೆ, ನಾನು ಹಿಂದೆ. ಅವನ ಎದೆಯ ಸದ್ದು ನನಗೆ ಕೇಳುತ್ತಿತ್ತು, ಅದೇ ಜಿಂಕೆಗೂ ಕೇಳೀತೆಂದು ಹೆದರಿದೆ. ಒಂದು ಕಡೆ ಗಾಳಿಗೆ ಬಿದ್ದ ಮರಗಳು ಅಡ್ಡಾದಿಡ್ಡಿ ಒರಗಿದ್ದವು. ಅಡಿಯಲ್ಲಿ ನುಸುಳಿಯೇ ಹೋಗಬೇಕು. ಪಾಚಿಯ ಮೇಲೆ ಅವಳ ಮೊಣಕಾಲಿನ ಗುರುತು ಹಸಿಯಾಗಿತ್ತು. ಇಲ್ಲಿ ಅವಳು ಖಾಲಿ ಮಾಡಿ ಟಕ್ ಎನಿಸಿದ್ದರೆ ಇಲ್ಲೇ ಸಿಡಿಯಬೇಕಿತ್ತು. ನೆಲದಲ್ಲಿ ತೂತಿಲ್ಲ, ಹೊಸ ರಕ್ತವಿಲ್ಲ. ಜಿಂಕೆ ಹತ್ತಿರವಿದೆ ಎಂದು ಗೊತ್ತಾಗಿ ತುಂಬಿದ ಕೋವಿಯಲ್ಲೇ ನುಸುಳಿದ್ದಳು. ಪ್ರಿಮುಸ್ ಆ ಗುರುತಿನ ಮೇಲೆ ಅಂಗೈ ಇಟ್ಟು ಉಸಿರು ಎಳೆದುಕೊಂಡ. ಅವನ ತುಟಿ ನೀಲಿಯಾಗಿತ್ತು.

"ನೀನು ಕೂತ್ಕೋ, ನಾನು ಹೋಗ್ತೀನಿ," ಎಂದು ಪಿಸುಗುಟ್ಟಿದೆ.

ಅವನು ಬೇಡವೆಂದು ತಲೆಯಾಡಿಸಿ ಮುಂದಕ್ಕೆ ನುಸುಳಿದ.

ಆಗ ಗುಂಡಿನ ಸದ್ದು ಕೇಳಿತು. ಒಂದೇ ಒಂದು, ಪುಸ್ತಕ ಮುಚ್ಚಿದಷ್ಟೇ ಸದ್ದು. ಆ ಕೋವಿಯ ದನಿಯೇ ಅಷ್ಟು. ಆಮೇಲೆ ಏನೂ ಇಲ್ಲ. ನಾಯಿ ಬೊಗಳಲಿಲ್ಲ, ಹೆಮ್ಮಾ ಕೂಗಲಿಲ್ಲ. ಪ್ರಿಮುಸ್ ಎದ್ದು ಓಡಿದ. ಆ ಎದೆಯಿಟ್ಟುಕೊಂಡು, ಏರಿನಲ್ಲಿ. ನನ್ನ ಲಂಗ ಕೊಂಬೆಗೆ ಸಿಕ್ಕಿತು, ಹರಿದುಕೊಂಡು ಹಿಂದೆ ಓಡಿದೆ.

ಏರು ಮುಗಿದಲ್ಲಿ ಪುಟ್ಟ ಬಯಲು. ಜಿಂಕೆ ಪಕ್ಕಕ್ಕೆ ಒರಗಿ ಸತ್ತುಬಿದ್ದಿತ್ತು. ಹೆಮ್ಮಾ ನಿಂತಿದ್ದಳು. ಜೀವಂತವಾಗಿ, ಟೋಪಿ ಹಿಂದಕ್ಕೆ ತಳ್ಳಿಕೊಂಡು ನಿಂತಿದ್ದಳು. ಅಸ್ತಾ ಕೆಲಸ ಮುಗಿಸಿದ ಸುಖದಲ್ಲಿ ಅವಳ ಬೂಟಿನ ಮೇಲೆ ಗದ್ದವಿಟ್ಟು ಮಲಗಿತ್ತು. ದೇವರೇ, ನಿನಗೆ ಒಂದು ಮೊಂಬತ್ತಿ ಹಚ್ಚುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವಳ ಎಡಗೈ ಅಗುಳಿಗೆ ಹೋದದ್ದು ಕಂಡಿತು.

ಬೇಟೆ ಮುಗಿದಿತ್ತಲ್ಲ. ಹೊಡೆದ ಕೂಡಲೇ ಎರಡನೇ ಗುಂಡನ್ನು ಏರಿಸಿಟ್ಟುಕೊಂಡಿದ್ದಳು, ಇನ್ನು ಅದನ್ನು ಖಾಲಿ ಮಾಡಬೇಕು. ಅವಳು ಅಗುಳಿ ಎಳೆದಳು, ಸಿಡಿಯದ ತೋಟಾವನ್ನು ಬಲ ಅಂಗೈಗೆ ಇಳಿಸಿಕೊಂಡಳು, ಅಗುಳಿ ಮುಚ್ಚಿದಳು, ನಳಿಗೆಯನ್ನು ನೆಲಕ್ಕಿಳಿಸಿದಳು. ನೆಲವೆಂದರೆ ಅಲ್ಲಿ ಅವಳ ಕಾಲು ಮತ್ತು ಅಸ್ತಾಳ ತಲೆ.

"ಹೆಮ್ಮಾ! ಬೇಡ!" ಎಂದು ಕಿರುಚಿದೆ.

ಜಿಂಕೆ ಬಿದ್ದ ಮೇಲೆ ನಮ್ಮ ಕಡೆ ಎಲ್ಲರೂ ಕೂಗಿಕೊಂಡೇ ಬರುತ್ತಾರೆ, ಅಭಿನಂದನೆ ಹೇಳುತ್ತಾ. ಅವಳು ಅದೇ ಎಂದುಕೊಂಡಳು. ನನ್ನ ಕಡೆ ನೋಡಿ ನಕ್ಕಳು. "ಬಾರೇ ಲೋನಿ! ಒಂದೇ ಗುಂಡು ಕಣೇ! ಎರಡನೇದು ಬೇಕೇ ಆಗ್ಲಿಲ್ಲ!" ನಗುತ್ತಾ, ನೋಡದೆ, ಬೆರಳು ಟ್ರಿಗರ್ ಮೇಲಿಟ್ಟಳು.

ಪ್ರಿಮುಸ್ ಅವಳನ್ನು ತಲುಪಿದ್ದ. ಬಾಯಿ ತೆರೆದ, ಉಸಿರೇ ಇರಲಿಲ್ಲ, ಮಾತು ಎಲ್ಲಿಂದ ಬಂದೀತು. ಎಡಗೈ ಚಾಚಿ ನಳಿಗೆಯ ತುದಿಯನ್ನೇ ಹಿಡಿದು ಪಕ್ಕಕ್ಕೆ ತಳ್ಳಿದ. ಮತ್ತೆ ಅದೇ ಪುಸ್ತಕ ಮುಚ್ಚಿದ ಸದ್ದು. ಅಸ್ತಾ ಎದ್ದು ದೂರ ಓಡಿತು.

ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮೊಣಕಾಲೂರಿದ. ಹೆಬ್ಬೆರಳು ಇದ್ದ ಜಾಗದಲ್ಲಿ ಹೆಬ್ಬೆರಳು ಇರಲಿಲ್ಲ.

ನಾನು ಓಡಿ ಹೋಗಿ, ಹುಲ್ಲಿನ ಮೇಲೆ ಬಿಚ್ಚಿಟ್ಟಿದ್ದ ನಾಯಿಯ ಹಗ್ಗದಿಂದ ಅವನ ಮಣಿಕಟ್ಟು ಬಿಗಿದೆ. ಹೆಮ್ಮಾ ಕಲ್ಲಿನ ಹಾಗೆ ನಿಂತಿದ್ದಳು. ಬಲಗೈಯನ್ನು ನಮ್ಮ ಮುಂದೆ ಚಾಚಿದಳು. ಅಂಗೈಯಲ್ಲಿ ತೋಟಾ ಇತ್ತು.

"ತೆಗೆದಿದ್ದೆ," ಅಂದಳು. "ಲೋನಿ, ನಾನು ತೆಗೆದಿದ್ದೆ. ನೋಡು, ಇಲ್ಲೇ ಇದೆ. ನೋಡೇ."

ಪ್ರಿಮುಸ್‌ಗೆ ಆಗ ಉಸಿರು ಸಿಕ್ಕಿತು. "ನಿನ್ನ ತಪ್ಪಲ್ಲ," ಅಂದ. "ನೀನು ಸರಿಯಾಗೇ ಮಾಡಿದ್ದೀಯ. ಕೆಳಗೆ ಇನ್ನೊಂದಿತ್ತು."

ಆ ಚಳಿಗಾಲ ಹೆಮ್ಮಾ ನಮ್ಮ ಮನೆ ಕಡೆ ಬರಲಿಲ್ಲ. ಗಿಡ್ಡ ಕೋವಿಯನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಬಾಗಿಲಿಗೆ ಒರಗಿಸಿಟ್ಟು ಹೋದಳು. ವಸಂತಕ್ಕೆ ಅಸ್ತಾಳನ್ನು ಕೊಟ್ಟುಬಿಡುತ್ತೇನೆ, ಕೋವಿ ಮುಟ್ಟುವುದಿಲ್ಲ ಎಂದು ಸಂಘಕ್ಕೆ ಹೇಳಿದಳಂತೆ. ಊರವರು ಈಗ ನಗಲಿಲ್ಲ, ಅದು ನಗುವುದಕ್ಕಿಂತ ಕೆಟ್ಟದಾಗಿತ್ತು. ಎಡ ಹೆಬ್ಬೆರಳಿಲ್ಲದ ಕಮ್ಮಾರ ಅರದಡಿಯಲ್ಲಿ ಕಬ್ಬಿಣ ಹಿಡಿಯುವುದು ಹೇಗೆ? ಪೆಟ್ಟಿಗೆ ತೆಗೆದುಹಾಕಿ ಒಂಟಿ ಗುಂಡಿನದು ಮಾಡಿಬಿಡು, ಆಗ ತೆರೆದರೆ ಖಾಲಿಯೇ ಎಂದು ನಾನೇ ಹೇಳಿದೆ.

"ಎರಡನೇದಿಲ್ದೆ ಅವಳು ಪೊದೆಗೆ ಹೋಗಲ್ಲ," ಅಂದ. "ಹೋಗೋದೂ ಬೇಡ."

ನಾನು ಕಬ್ಬಿಣ ಹಿಡಿದೆ, ಅವನು ಅರ ಉಜ್ಜಿದ. ಹಿಮ ಬಿದ್ದು ಕರಗುವವರೆಗೂ ನಾನೇ ಅವನ ಎಡಗೈ. ಬೈದುಕೊಂಡೆವು, ಒಮ್ಮೆ ಸುತ್ತಿಗೆ ಎಸೆದ, ಒಮ್ಮೆ ನಾನು ಎದ್ದು ಹೋದೆ, ಮತ್ತೆ ಬಂದೆ. ಅವನು ಮಾಡಿದ್ದು ಒಂದು ಪುಟ್ಟ ಕೊಕ್ಕೆ. ಅಗುಳಿಯನ್ನು ಪೂರ್ತಿ ಎಳೆದರೆ ಅದು ಹಿಂದೆಯೇ ನಿಲ್ಲುತ್ತದೆ. ತಳ್ಳಿದರೂ ಬರುವುದಿಲ್ಲ. ಎಡ ಹೆಬ್ಬೆರಳಿನಿಂದ ಕೊಕ್ಕೆ ಒತ್ತಿ ತಳ್ಳಿದರೆ ಮಾತ್ರ ಮುಚ್ಚುತ್ತದೆ. ಎರಡನೇ ಗುಂಡು ಬೇಕಾದವಳಿಗೆ ಹೆಬ್ಬೆರಳು ಅಲ್ಲೇ ಇರುತ್ತದೆ, ತಡವಾಗುವುದಿಲ್ಲ. ಅಭ್ಯಾಸಕ್ಕೆ ಮುಚ್ಚುವ ಕೈಯನ್ನು ಮಾತ್ರ ಅದು ತಡೆದು, ಒಳಗೆ ನೋಡು ಎನ್ನುತ್ತದೆ. ನಾನು ಎತ್ತರದ ಮರದಂಚನ್ನು ಒಂದು ಬದಿಗೆ ಕತ್ತರಿಸಿ ತಗ್ಗಿಸಿದೆ. ಈಗ ಕೆಳಗಿನ ತೋಟಾದ ಹಿತ್ತಾಳೆ ಹಗಲಿನ ಹಾಗೆ ಕಾಣುತ್ತಿತ್ತು.

ಈಸ್ಟರಿನ ಮುಂಚಿನ ವಾರ ಅವನು ಕಂಕುಳಲ್ಲಿ ಕೋವಿ ಇಟ್ಟುಕೊಂಡು ಹೆಮ್ಮಾಳ ಮನೆಗೆ ಹೊರಟ. ನನ್ನನ್ನೂ ಕರೆದ. ಮಾತಿಗೆ ಜೊತೆ ಬೇಕಲ್ಲ. ಅವಳು ಬಾಗಿಲಲ್ಲೇ ನಿಂತಳು, ಒಳಗೆ ಬನ್ನಿ ಎನ್ನಲಿಲ್ಲ. ಅವಳ ಕಣ್ಣು ಪ್ರಿಮುಸ್‌ನ ಕೈಯ ಮೇಲೆ ಬಿದ್ದು ಅಲ್ಲಿಂದ ಏಳಲಿಲ್ಲ.

"ಅದನ್ನ ನನ್ನ ಮುಂದೆ ತರ್ಬೇಡ," ಅಂದಳು.

"ತೆರೆದೇ ತಂದಿದ್ದೀನಿ," ಅಂದ. "ಒಳಗೆ ನೋಡು."

ಅವಳು ನೋಡಿದಳು. ಕಿರುಬೆರಳು ಹಾಕಿ ತಡವಿದಳು. ಖಾಲಿಯಿತ್ತು. ಅಗುಳಿಯನ್ನು ತಳ್ಳಿ ನೋಡಿದಳು, ಬರಲಿಲ್ಲ. ಇನ್ನೊಮ್ಮೆ ತಳ್ಳಿದಳು.

"ಇದು ಮುಚ್ಚಲ್ವಲ್ಲೋ."

"ಮುಚ್ಚುತ್ತೆ. ಆ ಕೊಕ್ಕೆ ಮೇಲೆ ಎಡ ಹೆಬ್ಬೆರಳಿಟ್ಟು ಒತ್ಬೇಕು." ಅವನು ತನ್ನ ಎಡಗೈ ಎತ್ತಿ ತೋರಿಸಿದ. "ನೀನೇ ಒತ್ತು ಹೆಮ್ಮಾ. ನಂಗಾಗಲ್ಲ."

ಒಳಗಿಂದ ಅಸ್ತಾ ಬಂದು ಪ್ರಿಮುಸ್‌ನ ಆ ಕೈಯನ್ನು ಮೂಸಿ ನೋಡಿತು. ಹೆಮ್ಮಾ ಹೆಬ್ಬೆರಳನ್ನು ಕೊಕ್ಕೆಯ ಮೇಲಿಟ್ಟು ಒತ್ತಿದಳು, ಅಗುಳಿ ಮುಚ್ಚಿತು. ನಳಿಗೆಯನ್ನು ಅಂಗಳದ ಮಣ್ಣಿಗೆ, ಯಾರೂ ಇಲ್ಲದ ಕಡೆಗೆ ತೋರಿಸಿ ಟ್ರಿಗರ್ ಎಳೆದಳು. ಟಕ್ ಎಂದಿತು.

"ಒಳಗೆ ಬನ್ನಿ," ಅಂದಳು. ನಾನು ಅವರಿಬ್ಬರನ್ನೂ ಅಲ್ಲೇ ಬಿಟ್ಟು ಕಾಫಿಗೆ ನೀರಿಡಲು ಹೋದೆ. ನಿಂತಿದ್ದರೆ ಅಳು ಬರುತ್ತಿತ್ತು.